ಹಾಸನದ ನಾಲಿಗೆಗೆ ಮಯಾಮಿಯ ಸ್ಪ್ಯಾಂಗ್ಲಿಷ್

ಮಗಳ ಬಾಣಂತನಕ್ಕೋ, ಎಂಎಸ್ ಓದಲಿಕ್ಕೋ, ಕೆಲಸಕ್ಕೋ ಹಾಸನ, ಚಿಕ್ಕಮಗಳೂರು ಕಡೆಯಿಂದ ಮಯಾಮಿಗೆ ಹೊರಟವರು ಇಂಗ್ಲಿಷ್ ಒಂದನ್ನೇ ತಿದ್ದಿಕೊಂಡು ವಿಮಾನ ಹತ್ತುತ್ತಾರೆ. ಇಳಿದ ಮೇಲೆ ಕಿವಿಗೆ ಬೀಳುವುದೇ ಬೇರೆ: ಸ್ಪ್ಯಾನಿಷ್, ಇಲ್ಲವೇ ಅದನ್ನು ಇಂಗ್ಲಿಷ್ ಜೊತೆ ಬೆರೆಸಿದ ಸ್ಪ್ಯಾಂಗ್ಲಿಷ್. ಮಯಾಮಿ ಇರುವ ಮಯಾಮಿ-ಡೇಡ್ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದರಲ್ಲಿ, ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರ ಮನೆಮಾತು ಸ್ಪ್ಯಾನಿಷ್. 1959ರ ಕ್ಯೂಬಾ ಕ್ರಾಂತಿಯ ನಂತರ ಬಂದವರ ಜೊತೆಗೆ ಆಮೇಲಾಮೇಲೆ ನಿಕರಾಗುವ, ಕೊಲಂಬಿಯಾ, ವೆನಿಜುವೆಲಾದವರೂ ಸೇರಿಕೊಂಡರು. 1973ರಲ್ಲಿ ಕೌಂಟಿ ತನ್ನನ್ನು ದ್ವಿಭಾಷಿ ಎಂದು ಘೋಷಿಸಿಕೊಂಡಿತು, 1980ರಲ್ಲಿ ಜನ ಮತ ಹಾಕಿ ಅದನ್ನು ಕಿತ್ತುಹಾಕಿ ಕೌಂಟಿಯ ವ್ಯವಹಾರಕ್ಕೆ ಇಂಗ್ಲಿಷ್ ಮಾತ್ರ ಎಂಬ ಕಟ್ಟುಪಾಡು ತಂದರು, 1993ರಲ್ಲಿ ಆ ಕಟ್ಟುಪಾಡೂ ರದ್ದಾಯಿತು. ನಮ್ಮ ಮೈಬಣ್ಣ ನೋಡಿ ಅಂಗಡಿಯವರು ಸೀದಾ ಸ್ಪ್ಯಾನಿಷ್‌ನಲ್ಲೇ ಶುರುಮಾಡಿದರೆ ಗಾಬರಿಯಾಗಬೇಡಿ. ಆ ಮೊದಲ ಐದು ನಿಮಿಷಕ್ಕೂ, ಆಮೇಲಿನ ವರ್ಷಗಳಿಗೂ ಬೇಕಾದ ತಯಾರಿಯನ್ನು ಊರಿನಲ್ಲೇ ಮಾಡಿಕೊಳ್ಳಬಹುದು.

ಮೊದಲು ನಾಲಿಗೆ

ಅಮೆರಿಕದವರು ಸ್ಪ್ಯಾನಿಷ್ ಕಲಿಯುವಾಗ ತಿಂಗಳುಗಟ್ಟಲೆ ಒದ್ದಾಡುವ ಜಾಗದಲ್ಲಿ ಕನ್ನಡಿಗರಿಗೆ ಕಷ್ಟವೇ ಇಲ್ಲ. ಸ್ಪ್ಯಾನಿಷ್‌ನ ತ, ದ ಎರಡೂ ನಮ್ಮ ತ, ದಗಳೇ, ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್‌ನವು ನಮ್ಮ ಕಿವಿಗೆ ಟ, ಡ. ಹಾಗಾಗಿ ಒಂದೇ ಪದ ಎರಡು ಬಗೆ: ಇಂಗ್ಲಿಷ್‌ನಲ್ಲಿ ಡಾಕ್ಟರ್, ಸ್ಪ್ಯಾನಿಷ್‌ನಲ್ಲಿ ದೊಕ್ತೋರ್, ಅಲ್ಲಿ ಟೋಟಲ್, ಇಲ್ಲಿ ತೊತಾಲ್, ಅಲ್ಲಿ ಹಾಸ್ಪಿಟಲ್, ಇಲ್ಲಿ ಒಸ್ಪಿತಾಲ್. ಮಾತಿನ ನಡುವೆ ಭಾಷೆ ಬದಲಾಯಿಸುವಾಗ ಟ-ತ ಬದಲಾದರೆ ಸಾಕು, ಎದುರಿನವರಿಗೆ ಯಾವ ಭಾಷೆಗೆ ದಾಟಿದಿರಿ ಎಂದು ಗೊತ್ತಾಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ಹೀಗೆ ಎರಡು ಕಡೆಯೂ ಇರುವ ಮೂವತ್ತು ಪದಗಳನ್ನು ಜೋಡಿಜೋಡಿಯಾಗಿ ಗಟ್ಟಿಯಾಗಿ ಹೇಳಿ.

ಸ್ವರ ಐದೇ: ಅ, ಎ, ಇ, ಒ, ಉ. ಎಡವುವುದು ಒತ್ತಿನಲ್ಲಿ. ಕನ್ನಡದವರು ಮೊದಲ ಅಕ್ಷರಕ್ಕೇ ಒತ್ತು ಕೊಡುತ್ತಾರೆ. ಸ್ಪ್ಯಾನಿಷ್‌ನಲ್ಲಿ ಪದ ಸ್ವರದಿಂದಲೋ ನ್, ಸ್‌ನಿಂದಲೋ ಮುಗಿದರೆ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು, ಉಳಿದ ವ್ಯಂಜನದಿಂದ ಮುಗಿದರೆ ಕೊನೆಯದಕ್ಕೆ. ಈ ನಿಯಮ ಮೀರುವ ಕಡೆ ಅಕ್ಷರದ ಮೇಲೆ ಗೀಟು ಹಾಕಿರುತ್ತಾರೆ. ಒತ್ತಿರುವ ಕಡೆ ಸ್ವರವನ್ನು ತುಸು ಎಳೆಯಿರಿ. ಆಬ್ಲೊ ಅಂದರೆ 'ಮಾತಾಡುತ್ತೇನೆ', ಅಬ್ಲೋ ಎಂದು ಕೊನೆ ಎಳೆದರೆ 'ಮಾತಾಡಿದ'. ನಾವೇ ನಾವಾಗಿ ಭೂತಕಾಲಕ್ಕೆ ಹೋಗಿಬಿಡುತ್ತೇವೆ.

ಉಳಿದವು ಚುಟುಕಾಗಿ. 'ವ' ಬರೆದ ಕಡೆಯೂ 'ಬ'; ಪದದ ಮೊದಲಲ್ಲಿ ಗಟ್ಟಿ, ನಡುವೆ ತುಟಿ ಸಡಿಲ. ರ ಮತ್ತು ರ್ರ ಬೇರೆ: ಪೆರೊ ಎಂದರೆ 'ಆದರೆ', ಪೆರ್ರೊ ಎಂದರೆ ನಾಯಿ. 'ಕರ್ರಗೆ' ಎನ್ನುವಾಗಿನ ರ್ರವನ್ನು ಇನ್ನೂ ಸ್ವಲ್ಪ ಕುಣಿಸಿದರೆ ಸರಿಹೋಗುತ್ತದೆ. ವಯಸ್ಸು ಹೇಳುವಾಗ ಆನ್ಯೊಸ್ (ವರ್ಷಗಳು) ಎಂಬಲ್ಲಿನ ನ್ಯ ಬಿಟ್ಟು ಆನೊಸ್ ಎಂದರೆ ಗುದದ್ವಾರದ ಲೆಕ್ಕವಾಗುತ್ತದೆ, ನಗು ಗ್ಯಾರಂಟಿ. ಅಂಕಿಗಳಲ್ಲಿ ಹನ್ನೆರಡು ಸಾಕ್ಷಾತ್ ದೋಸೆ, ಎಂದೂ ಮರೆಯುವುದಿಲ್ಲ. ಆದರೆ ಅರವತ್ತು ಸೆಸೇಂತ, ಎಪ್ಪತ್ತು ಸೆತೇಂತ. ಫೋನ್ ನಂಬರ್ ತಪ್ಪುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ನಂಬರನ್ನು ಬಿಡಿಬಿಡಿ ಅಂಕಿಯಾಗಿ ಹೇಳಿ.

ನಮ್ಮ ಹಿರಿಯರು 'ಇಸ್ಕೂಲು', 'ಇಸ್ಟೇಷನ್ನು' ಎಂದಾಗ ನಕ್ಕವರು ಗಮನಿಸಿ: ಸ್ಪ್ಯಾನಿಷ್‌ನಲ್ಲಿ ಅದು ಎಸ್ಕ್ವೇಲ, ಎಸ್ತಸ್ಯೋನ್. ಎಸ್ಟೇಟಿನ ಮೇಸ್ತ್ರಿ, ತಿಂಗಳ ಪಗಾರ ಎರಡೂ ಪೋರ್ಚುಗೀಸರಿಂದ ಬಂದ ಪದಗಳು. ಅವುಗಳ ಸ್ಪ್ಯಾನಿಷ್ ದಾಯಾದಿಗಳು ಮಯೇಸ್ತ್ರೊ, ಪಗಾರ್.

ಯಾವಾಗ ಯಾವ ಭಾಷೆ

ಎದುರಿನವರು ಶುರುಮಾಡಿದ ಭಾಷೆಯಲ್ಲೇ ಉತ್ತರ ಕೊಡಿ, ಬರದಿದ್ದರೆ ಒಂದು ವಾಕ್ಯ ಸಾಕು: 'ಆಬ್ಲೊ ಉನ್ ಪೋಕೊ', ಸ್ವಲ್ಪ ಮಾತಾಡುತ್ತೇನೆ. ನೀವು ಸ್ಪ್ಯಾನಿಷ್‌ನಲ್ಲಿ ಕೇಳಿದ್ದಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಬಂದರೆ ಅವಮಾನವೆಂದುಕೊಳ್ಳಬೇಡಿ. ಹಿಂದೆ ಸಾಲಿದೆ, ಅವರಿಗೆ ಬೇಗ ಮುಗಿಸಬೇಕು, ಅಷ್ಟೆ.

ನೀನು-ನೀವು ವ್ಯತ್ಯಾಸ ನಮಗೆ ಹೊಸತಲ್ಲ: ತು, ಉಸ್ತೆದ್. 'ಬಾ', 'ಬನ್ನಿ' ಎಂದು ಕ್ರಿಯಾಪದ ಬದಲಾಗುವಂತೆ ಅಲ್ಲೂ 'ಬೆನ್', 'ಬೇಂಗ'. ಹಿರಿಯರಿಗೆ ಉಸ್ತೆದ್‌ನಿಂದ ಶುರುಮಾಡಿ. ಕ್ಯೂಬಾದವರು ಬೇಗ ತುಗೆ ಇಳಿಯುತ್ತಾರೆ. ಕೊಲಂಬಿಯಾದ ಕೆಲವು ಕಡೆಯವರು ಗೆಳೆಯರಿಗೂ ಉಸ್ತೆದ್ ಅನ್ನುತ್ತಾರೆ. ನಿಕರಾಗುವದವರದ್ದು ಬೋಸ್ ಎಂಬ ಮೂರನೆಯದು. ಬಿಲ್ ಕೌಂಟರಿನಾಕೆ 'ಮಿ ಅಮೋರ್' ಎಂದರೆ ಅರ್ಥ 'ನನ್ನ ಪ್ರೀತಿಯೇ' ಆದರೂ ಬಳಕೆ ನಮ್ಮ ಅಂಗಡಿಯವರ 'ಅಕ್ಕ', 'ಅಣ್ಣ'ದಷ್ಟೇ. ವಾಪಸು ಹಾಗೇ ಅನ್ನಲು ಹೋಗಬೇಡಿ, 'ಗ್ರಾಸ್ಯಸ್' (ಧನ್ಯವಾದ) ಸಾಕು.

ಬೆಸುಗೆ ಎಲ್ಲಿ ಹಾಕಬೇಕು

ಎರಡು ಭಾಷೆ ಬೆರೆಸುವುದನ್ನು ಹಾಸನದವರಿಗೆ ಹೇಳಿಕೊಡಬೇಕಿಲ್ಲ. ಕಾಫಿ ತೋಟದ 'ಪಲ್ಪಿಂಗ್ ಮಾಡಿ ಡ್ರೈಯಿಂಗ್ ಯಾರ್ಡಿಗೆ ಹಾಕು' ಎನ್ನುವ ವಾಕ್ಯದಲ್ಲಿ ಕನ್ನಡದ್ದು ಚೌಕಟ್ಟು, ಇಂಗ್ಲಿಷ್‌ನದು ಸರಕು. ಅದೇ ಅಭ್ಯಾಸ ಮಯಾಮಿಯಲ್ಲಿ ಕಾಲಿಗೆ ತೊಡರುತ್ತದೆ. ನಾವು ಕ್ರಿಯಾಪದಕ್ಕೆ 'ಮಾಡು' ಅಂಟಿಸುತ್ತೇವೆ: ಪಾರ್ಕ್ ಮಾಡು, ಟೆಕ್ಸ್ಟ್ ಮಾಡು. ಅವರು ಇಂಗ್ಲಿಷ್ ಧಾತುವನ್ನೇ ಸ್ಪ್ಯಾನಿಷ್ ಮಾಡಿ 'ಎಆರ್' ಸೇರಿಸುತ್ತಾರೆ: ಪರ್ಕೆಆರ್, ತೆಕ್ಸ್ತೆಆರ್, ಸುತ್ತಾಡಲು ಹಂಗೆಆರ್. 'ಅಸೇರ್', ಅಂದರೆ ಮಾಡು, ಸೇರಿಸಿ ಹೇಳುವ ರೂಢಿ ಮಧ್ಯ ಅಮೆರಿಕದ ಬೆಲೀಜ್‌ನಲ್ಲಿದೆ, ಮಯಾಮಿಯಲ್ಲಿ ಅದು ವಿಚಿತ್ರವಾಗಿ ಕೇಳುತ್ತದೆ.

ನಾಮಪದ ಸುಲಭ. ನಾವು ಬಸ್ಸು, ಬಿಲ್ಲು ಎಂದು ಕೊನೆಗೆ ಉಕಾರ ಕೊಟ್ಟಂತೆ ಅವರು ಬೀಲ್, ಬೀಲೆಸ್ ಅನ್ನುತ್ತಾರೆ. ಟೆಕ್ಸಾಸ್ ಕಡೆಯ ಮೆಕ್ಸಿಕನ್ನರು ಲೋಂಚೆ, ತ್ರೋಕ ಎಂದು ಲಂಚನ್ನೂ ಟ್ರಕ್ಕನ್ನೂ ಒಳಗೆ ಹಾಕಿಕೊಂಡಿದ್ದಾರೆ. ನಮ್ಮಲ್ಲಿ ಕಾಫಿ ಹರಡುವ ಯಾರ್ಡು ಅವರಲ್ಲಿ ಮನೆಮುಂದಿನ ಹುಲ್ಲಿನ 'ಯಾರ್ದ'. ನಾಮಪದಕ್ಕೆ ಮೊದಲು ಪುಲ್ಲಿಂಗದ ಎಲ್ ಅಥವಾ ಸ್ತ್ರೀಲಿಂಗದ ಲ ಬೇಕೇ ಬೇಕು: ಎಲ್ ಪಾರ್ಕಿಂಗ್, ಲ ಆಪ್. ಲಿಂಗ ಗೊತ್ತಾಗದಿದ್ದರೆ ಎಲ್ ಹಾಕಿ.

ಇನ್ನು ವಾಕ್ಯದೊಳಗಿನ ಬೆಸುಗೆ. ಭಾಷಾಶಾಸ್ತ್ರಜ್ಞೆ ಶಾನಾ ಪಾಪ್ಲಾಕ್ ನ್ಯೂಯಾರ್ಕಿನ ಪ್ವೆರ್ತೊ ರೀಕೊ ಜನರ ಮಾತನ್ನು ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ವಾಕ್ಯದ ನಡುವೆಯೇ ಭಾಷೆ ಬದಲಿಸುವವರು ಎರಡನ್ನೂ ಚೆನ್ನಾಗಿ ಬಲ್ಲವರು. ಅರೆಬರೆ ಬಂದವರು ಪದ, ಉದ್ಗಾರ ಮಾತ್ರ ತೂರಿಸುತ್ತಾರೆ. ಆದ್ದರಿಂದ ಮೊದಲ ಕೆಲವು ತಿಂಗಳು ಒಂದು ವಾಕ್ಯಕ್ಕೆ ಒಂದೇ ಭಾಷೆ. ಆಮೇಲೆ 'ಪೋರ್ಕೆ' (ಏಕೆಂದರೆ), 'ಪೆರೊ', 'ಸೊ' ಇವುಗಳ ಮುಂದೆ ಹಿಂದೆ ದಾಟಿ ನೋಡಿ: 'ಐ ವಿಲ್ ಕಾಲ್ ಯು ಲೇಟರ್, ಪೋರ್ಕೆ ಎಸ್ತೊಯ್ ಎನ್ ಎಲ್ ಕಾರ್ರೊ', ಆಮೇಲೆ ಫೋನ್ ಮಾಡುತ್ತೇನೆ, ಏಕೆಂದರೆ ಕಾರಿನಲ್ಲಿದ್ದೇನೆ. ಎರಡು ಭಾಷೆಯ ಪದಕ್ರಮ ಒಂದೇ ಆಗಿರುವ ಕಡೆ ಬೆಸುಗೆ ಹಿಡಿಯುತ್ತದೆ, ಬೇರೆ ಇರುವ ಕಡೆ ಬಿಡುತ್ತದೆ. ಇಂಗ್ಲಿಷ್‌ನಲ್ಲಿ 'ರೆಡ್ ಕಾರ್', ಸ್ಪ್ಯಾನಿಷ್‌ನಲ್ಲಿ 'ಕಾರ್ರೊ ರೋಹೊ'. ಹಾಗಾಗಿ 'ದ ಕಾರ್ರೊ ರೆಡ್' ಯಾರ ಬಾಯಲ್ಲೂ ಬರುವುದಿಲ್ಲ. ಅವನನ್ನು ಎನ್ನುವ 'ಲೊ' ಎಂಬ ಪುಟ್ಟ ಪದವನ್ನು ಇಂಗ್ಲಿಷ್ ಕ್ರಿಯಾಪದದ ಮುಂದೆ ಇಟ್ಟು 'ಲೊ ಸಾ' (ಅವನನ್ನು ನೋಡಿದೆ) ಅನ್ನುವಂತಿಲ್ಲ. 'ಯೊ ನೊ ವಾಂಟ್' (ನನಗೆ ಬೇಡ) ಕೂಡ ಇಲ್ಲ. ಒಳಗೆ ಬಂದು ಒಗ್ಗಿಕೊಳ್ಳದ ಇಂಗ್ಲಿಷ್ ಧಾತುವಿಗೆ ಸ್ಪ್ಯಾನಿಷ್ ಪ್ರತ್ಯಯ ಅಂಟಿಸಿ 'ಈಟ್-ಯೆಂದೊ' ಅನ್ನುವಂತೆಯೂ ಇಲ್ಲ. ಯಾವ ಇಂಗ್ಲಿಷ್ ಪದಕ್ಕೆ ಬೇಕಾದರೂ 'ಗೆ', 'ಅಲ್ಲಿ' ಹಚ್ಚಿ ಬೆಳೆದ ನಮಗೆ ಈ ಕೊನೆಯದೇ ಕಠಿಣ.

ಪದ ಸ್ಪ್ಯಾನಿಷ್, ಬುದ್ಧಿ ಇಂಗ್ಲಿಷ್ ಆಗಿರುವ ಮಾತುಗಳೂ ಇವೆ. 'ತೆ ಯಾಮೊ ಪತ್ರಾಸ್' ಎಂದರೆ 'ಹಿಂದಕ್ಕೆ ಕರೆಯುತ್ತೇನೆ', ಇಂಗ್ಲಿಷ್‌ನ ಕಾಲ್ ಬ್ಯಾಕ್. ಉಲ್ಟಾ ದಿಕ್ಕಿನದು ಇನ್ನೂ ಮಜ: ಮಯಾಮಿಯ ಇಂಗ್ಲಿಷ್‌ನಲ್ಲಿ 'ಗೆಟ್ ಡೌನ್ ಫ್ರಮ್ ದ ಕಾರ್' ಅನ್ನುತ್ತಾರೆ ಎಂದು ಫ್ಲಾರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಯ ಭಾಷಾಶಾಸ್ತ್ರಜ್ಞರು ದಾಖಲಿಸಿದ್ದಾರೆ. ಬಸ್ಸಿನಿಂದ 'ಗೆಟ್ ಡೌನ್' ಆಗಿಯೇ ಬೆಳೆದ ನಮ್ಮನ್ನು ಅಮೆರಿಕದ ಬೇರೆ ಊರಲ್ಲಿ ತಿದ್ದುತ್ತಾರೆ, ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಅರ್ಜಿ, ಇಂಟರ್‌ವ್ಯೂ, ವಕೀಲರ ಮುಂದೆ ಬೆರಕೆ ಬೇಡ. ಆಸ್ಪತ್ರೆಯಲ್ಲೂ ಅಷ್ಟೆ, ಅಲ್ಲಿ ಇಂಗ್ಲಿಷ್ ಸಾಲದಿದ್ದರೆ ಕನ್ನಡದ ದುಭಾಷಿಯನ್ನೇ ಕೇಳಿ; ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಹಣ ಪಡೆಯುವ ಆಸ್ಪತ್ರೆಗಳಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಾಚಿಕೆಯಾಯಿತು ಎನ್ನಲು 'ಎಂಬಾರಸ್ಡ್' ನೆನೆದು 'ಎಂಬರಸಾದ' ಎಂದರೆ ಬಸುರಿ ಎಂದಾಗುತ್ತದೆ. ಪರಂಗಿಹಣ್ಣನ್ನು ಕ್ಯೂಬಾದವರ ಅಂಗಡಿಯಲ್ಲಿ 'ಫ್ರೂತ ಬೋಂಬ' ಎಂದು ಕೇಳಿ. ಪಪಾಯ ಅವರಲ್ಲಿ ಪೋಲಿ ಮಾತು. ಬಸ್ಸು ಕ್ಯೂಬಾದವರಿಗೆ 'ಗುವಾಗುವ'.

ಸಸ್ಯಾಹಾರಿಗಳು ಇದನ್ನು ಬಾಯಿಪಾಠ ಮಾಡಿ

'ಸಿನ್ ಕಾರ್ನೆ', ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಕೋಳಿಯೋ ಹಂದಿಯೋ ತಟ್ಟೆಗೆ ಬರುತ್ತದೆ, ಏಕೆಂದರೆ ಅಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನದ ಮಾಂಸ. ಪೂರ್ತಿ ಹೇಳಿ: 'ಸೊಯ್ ಬೆಹೆತರ್ಯಾನೊ. ನೊ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ, ನಿ ಹಮೋನ್.' ಹೆಂಗಸರು ಬೆಹೆತರ್ಯಾನ ಅನ್ನಬೇಕು. ಕೋಳಿ, ಮೀನು, ಹಂದಿತೊಡೆ ಎಲ್ಲಕ್ಕೂ ಬೇಡ ಎಂದಾಯಿತು. ಕಪ್ಪು ಹುರುಳಿಕಾಯಿ ಬೀಜದ ಸಾರಿಗೂ ಹಂದಿ ತುಂಡು ಬಿದ್ದಿರಬಹುದು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. 'ತ್ಯೇನೆ ಮಂತೇಕ?' ಎಂದು ಕೇಳಿ. ಮಂತೇಕ ಹಂದಿಕೊಬ್ಬು, ಮಂತೆಕೀಯ ಬೆಣ್ಣೆ. ಬಾಲ ಕತ್ತರಿಸಿ ಹೇಳಿದರೆ ಊಟ ಕೆಟ್ಟಿತು. ಬಾಳೆಕಾಯಿ ಪ್ಲಾತನೊ, ಮರಗೆಣಸು ಯೂಕ. ಎರಡೂ ನಮ್ಮವರಿಗೆ ಒಗ್ಗುತ್ತವೆ.

ಅಭ್ಯಾಸಕ್ಕೆ ಒಳ್ಳೆಯ ಜಾಗ ಕಾಫಿ ಕಿಂಡಿ, ಅವರ 'ಬೆಂತನೀತ'. ಒಂದು ವಾಕ್ಯ ಸಾಕು: 'ಉನ ಕೊಲಾದ, ಪೊರ್ ಫಬೋರ್.' ಕೊಲಾದ ಅಂದರೆ ಒಂದು ಲೋಟ ಗಟ್ಟಿ ಡಿಕಾಕ್ಷನ್, ಜೊತೆಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಕಪ್ಪುಗಳು. ನಮ್ಮ ಬೈಟು ಇದ್ದಂತೆ, ನಾಲ್ಕೈದು ಜನ ಹಂಚಿಕೊಳ್ಳಲಿಕ್ಕೆ. ಒಬ್ಬರೇ ಕುಡಿದರೆ ರಾತ್ರಿ ನಿದ್ದೆಯಿಲ್ಲ. ಮೊದಲ ಹನಿಗಳನ್ನು ಸಕ್ಕರೆಯೊಂದಿಗೆ ಕಡೆದು ನೊರೆ ಬರಿಸಿರುತ್ತಾರೆ, ಆದ್ದರಿಂದ ಸಕ್ಕರೆ ಕಾಯಿಲೆಯವರು 'ಸಿನ್ ಅಸೂಕರ್' (ಸಕ್ಕರೆಯಿಲ್ಲದೆ) ಎಂದು ಮೊದಲೇ ಹೇಳಬೇಕು. ಹಾಲು ಬೇಕಿದ್ದರೆ ಚಿಕ್ಕದು ಕೊರ್ತದೀತೊ, ದೊಡ್ಡದು ಕಫೇ ಕೊನ್ ಲೇಚೆ. ನಮ್ಮದಕ್ಕೆ ಹತ್ತಿರದ್ದು ಎರಡನೆಯದು, ಚಿಕೋರಿ ಮಾತ್ರ ಇರುವುದಿಲ್ಲ. ಕೊಲಾದ ಕೊಂಡವರು ಪಕ್ಕದಲ್ಲಿ ನಿಂತವರಿಗೂ ಒಂದು ಕಪ್ಪು ಚಾಚಿದರೆ ಮಾತು ತಾನಾಗಿ ಶುರುವಾಗುತ್ತದೆ, ಯಾವ ಭಾಷೆ ಎಂಬುದನ್ನು ಆಗ ಅವರೇ ಆರಿಸುತ್ತಾರೆ.