ಕನ್ವರ್ಟಿಬಲ್ ಕಾರಿನ ಒದ್ದೆ ಕಾರ್ಪೆಟ್: ನನ್ನ ಅನುಭವ

ಅಮೆರಿಕದ ಮಿಷಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ. ತುಕ್ಕಿಗೆ ಹೆದರಿ ಮಡಚಬಹುದಾದ ಬಟ್ಟೆಯ ಛಾವಣಿಯಿರುವ ನನ್ನ ಕನ್ವರ್ಟಿಬಲ್ ಕಾರನ್ನು ನವೆಂಬರ್‌ನಲ್ಲೇ ಗ್ಯಾರೇಜಿಗೆ ಸೇರಿಸುತ್ತೇನೆ. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಬಾಗಿಲು ತೆರೆದರೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ನೀರು ಜಿನುಗುತ್ತಿತ್ತು.

ಛಾವಣಿ ಹರಿದಿದೆಯೆಂದೇ ನಂಬಿ ಬಟ್ಟೆಯನ್ನು ಇಂಚಿಂಚೂ ನೋಡಿದೆ. ಒಂದು ತೂತೂ ಇಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಸೀಟಿನ ಹಿಂದಿನ ಮೂಲೆಯಲ್ಲಿ. ಛಾವಣಿಯಿಂದ ಇಳಿಯುವ ಮಳೆನೀರನ್ನು ಹೊರಬಿಡುವ ಕೊಳವೆ ಅಲ್ಲಿದೆ. ಮೇಪಲ್ ಎಲೆಗಳು ಕೊಳೆತು, ಕಾಫಿ ಚರಟದಂತಹ ಕಪ್ಪು ಕೆಸರಾಗಿ ಅದರ ಬಾಯಿ ಕಟ್ಟಿದ್ದವು. ಅಕ್ಟೋಬರ್ ಮಳೆಯ ನೀರು ಒಳಗೇ ನಿಂತಿತ್ತು. ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ಇಳಿಸಿ ತಿರುಗಿಸಿದೆ. (ಗಟ್ಟಿ ತಂತಿ ಬೇಡ, ಕೊಳವೆ ಹರಿದೀತು.) ಲೋಟದಿಂದ ನೀರು ಹೊಯ್ದಾಗ ಹಿಂದಿನ ಚಕ್ರದ ಬಳಿ ಧಾರೆ ಬಿದ್ದದ್ದು ಕಂಡು ಎಷ್ಟು ಸಮಾಧಾನವಾಯಿತೋ!

ಮುಂದಿನ ಚಳಿಗಾಲಕ್ಕೆ ಮೊದಲು ಕೊಳವೆ, ಆಮೇಲೆ ಉಳಿದದ್ದು. ಛಾವಣಿ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಿಯೇ ಇಟ್ಟೆ. ತಿಂಗಳುಗಟ್ಟಲೆ ಮಡಚಿಟ್ಟರೆ ಮಡಿಕೆಯ ಗುರುತು ಹೋಗುವುದಿಲ್ಲ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಹತ್ತು ನಿಮಿಷ ಓಡಿಸಿದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಮರದ ತುಂಡು ಕೊಟ್ಟೆ. ಬ್ಯಾಟರಿಗೆ ಚಾರ್ಜ್ ಇಳಿಯದಂತೆ ಕಾಯುವ ಮೇಂಟೇನರ್ ಜೋಡಿಸಿದೆ, ಏಕೆಂದರೆ ಚಾರ್ಜ್ ಇಳಿದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟಿ ಒಡೆಯಬಹುದು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಗಾಳಿಯಾಡುವ ಬಟ್ಟೆಯನ್ನೇ ಹೊದಿಸಿದೆ.

ಈ ಏಪ್ರಿಲ್‌ನಲ್ಲಿ ಮೊದಲು ಮುಟ್ಟಿ ನೋಡಿದ್ದು ಕಾರ್ಪೆಟ್. ಒಣಗಿತ್ತು.