ಉರುಮೆ ಕೇಳಿಸದ 41 ಸೆಕೆಂಡು

ಮೊದಲ ಫೋನ್ ಬಂದಿದ್ದು ಹರಿಹರದಿಂದ, ಬೆಳಗ್ಗೆ ಆರೂವರೆಗೆ. ಗೂಡ್ಸ್ ಆಟೊ ಓಡಿಸುವ ಗೆಳೆಯ. ಹೊಳೆ ಸೇತುವೆ ದಾಟುವಾಗ ನನ್ನ ಹೊಸ ಆಲ್ಬಂನ ಮೂರನೇ ಟ್ರ್ಯಾಕ್ ಹಾಕಿಕೊಂಡಿದ್ದನಂತೆ. ‘ಲೇ, ಸೀಟಿನ ಕೆಳಗೆ ಯಾರೋ ಕೂತು ಅಳ್ತಾ ಅದಾರೆ ಅನ್ನಿಸಿಬಿಡ್ತು ಕಣಲೇ. ಗಾಡಿ ಸೈಡಿಗೆ ಹಾಕಿ ಪೂರ್ತಿ ಕೇಳಿದೆ’ ಅಂದ. ಎಂಟು ಗಂಟೆಗೆ ವಿದ್ಯಾನಗರದ ಹಾಸ್ಟೆಲ್ ಹುಡುಗನದು ಎರಡನೇ ಫೋನ್. ‘ಅಣ್ಣಾ, ಮೂರನೇದು ಸರಿಯಾಗಿ ಅಪ್‌ಲೋಡ್ ಆಗಿಲ್ಲ ಅನ್ಸುತ್ತೆ. ಮಧ್ಯದಲ್ಲಿ ಒಂದು ನಿಮಿಷ ಏನೂ ಇಲ್ಲ.’

ಇಬ್ಬರೂ ಹೇಳಿದ್ದು ಒಂದೇ ಜಾಗ. ಎರಡು ನಿಮಿಷ ಹತ್ತು ಸೆಕೆಂಡಿಗೆ ಶುರುವಾಗಿ 41 ಸೆಕೆಂಡು ನಡೆಯುವ ಒಂದು ಭಾಗ. ಒಬ್ಬನಿಗೆ ಅಳು ಕೇಳಿಸಿದ ಕಡೆ ಇನ್ನೊಬ್ಬನಿಗೆ ಬರೀ ಬಯಲು. ಆವತ್ತು ಅದು ತಲೆಗೆ ಹೋಗಲಿಲ್ಲ. ಹಾಸ್ಟೆಲ್ ಹುಡುಗನಿಗೆ ಟೇಸ್ಟ್ ಇಲ್ಲ ಅಂದುಕೊಂಡು ಅಂಗಡಿಗೆ ಹೋದೆ.

ಅಂಗಡಿ ಅಂದರೆ ಚಿಕ್ಕಪ್ಪನ ಮೋಟರ್ ರಿವೈಂಡಿಂಗ್ ಅಂಗಡಿ. ಹಗಲೆಲ್ಲ ಸುಟ್ಟ ಬೋರ್‌ವೆಲ್ ಮೋಟರಿನ ತಾಮ್ರದ ತಂತಿ ಬಿಚ್ಚಿ ಸುತ್ತುವ ಕೆಲಸ. ರಾತ್ರಿ ಅದೇ ಅಂಗಡಿಯ ಅಟ್ಟದ ಮೇಲೆ ಬ್ರೇಕ್‌ಕೋರ್ ಅನ್ನೋ ಕಂಪ್ಯೂಟರ್ ಸಂಗೀತ ಮಾಡ್ತೀನಿ. ಹಂಗಂದ್ರೆ ಏನು ಅಂತ ಚಿಕ್ಕಪ್ಪ ಕೇಳಿದಾಗ ಮಂಡಕ್ಕಿ ಭಟ್ಟಿಯ ಉದಾಹರಣೆ ಕೊಟ್ಟಿದ್ದೆ. ಬಿಸಿ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಮೊದಲು ಒಂದೊಂದೇ ಚಟ್, ಚಟ್ ಅಂತ ಎಣಿಸಬಹುದು. ಎರಡೇ ಕ್ಷಣ, ಆಮೇಲೆ ಎಣಿಕೆ ತಪ್ಪಿ ಎಲ್ಲಾ ಸೇರಿ ಒಂದೇ ಮೊರೆತ. ‘ಅದನ್ನ ಯಾಕೆ ಕೇಳ್ತಾರೆ?’ ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ನಾವೆಲ್ಲ ಬದುಕುತ್ತಿರುವುದು ಒಂದೇ ಒಂದು ಡ್ರಮ್ ತುಣುಕಿನ ಮೇಲೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ಒಂದು ಹಾಡಿನ ನಡುವೆ ಗ್ರೆಗರಿ ಕೋಲ್ಮನ್ ಬಾರಿಸಿದ ನಾಲ್ಕು ಆವರ್ತ, ಸುಮಾರು ಏಳು ಸೆಕೆಂಡು. ಅಮೆನ್ ಬ್ರೇಕ್ ಅಂತಾರೆ. ಇಂಗ್ಲೆಂಡಿನಲ್ಲಿ ಜಂಗಲ್ ಎಂಬ ವೇಗದ ಕುಣಿತದ ಸಂಗೀತ ಮಾಡುವ ಹುಡುಗರು ಅದನ್ನು ಓಡಿಸಿದರು, 90ರ ದಶಕದಲ್ಲಿ ಬರ್ಲಿನ್ನಿನ ಅಲೆಕ್ ಎಂಪೈರ್ ಥರದವರು ಅದಕ್ಕೆ ಪಂಕ್ ರಾಕ್‌ನ ಸಿಟ್ಟು ಸೇರಿಸಿದರು, ಬ್ರೇಕ್‌ಕೋರ್‌ನವರು ಚೂರುಚೂರು ಮಾಡಿದರು. ಮೂಲದ ವೇಗ ನಿಮಿಷಕ್ಕೆ 137 ಮಾತ್ರೆಯ ಆಸುಪಾಸು. ಅದನ್ನು ಟೇಪ್ ಓಡಿಸಿದ ಹಾಗೆ 200ಕ್ಕೆ ಏರಿಸಿದರೆ ಶ್ರುತಿಯೂ ಆರೂವರೆ ಸ್ವರಸ್ಥಾನ ಮೇಲೇರಿ ಸ್ನೇರ್ ಡ್ರಮ್ಮು ಸ್ಟೀಲ್ ತಟ್ಟೆಯ ಹಾಗೆ ಕೇಳುತ್ತದೆ. ನನ್ನ ಮೊದಲ ಎರಡು ಆಲ್ಬಂ ಪೂರ್ತಿ ಇದೇ ತಟ್ಟೆ. ಜನಕ್ಕೆ ಹಿಡಿಸಿತ್ತು. ಜನ ಅಂದರೆ ಲಕ್ಷಗಟ್ಟಲೆ ಅಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಒಂದಿಷ್ಟು, ಬೆಂಗಳೂರಲ್ಲಿ ಒಂದಿಷ್ಟು. ಎಲ್ಲರನ್ನೂ ಒಂದು ಕೆಎಸ್‌ಆರ್‌ಟಿಸಿ ಬಸ್ಸಿಗೆ ಹತ್ತಿಸಿದರೂ ಕಿಟಕಿ ಸೀಟು ಉಳಿಯುತ್ತೆ.

ಮೂರನೇ ಆಲ್ಬಂಗೆ ಉರುಮೆ ವಾದ್ಯ ಬಂದಿದ್ದು ಒಂದು ಲೆಕ್ಕದಿಂದ. ನಾನು ಬಳಸುವುದು ರಿನಾಯ್ಸ್ ಎಂಬ ಟ್ರ್ಯಾಕರ್ ಸಾಫ್ಟ್‌ವೇರ್. ಮಂಡಿಪೇಟೆಯ ಲೆಕ್ಕದ ಪುಸ್ತಕದ ಹಾಗೆ ಸಾಲುಗಳು ಮೇಲಿಂದ ಕೆಳಗೆ ಇಳಿಯುತ್ತವೆ, ಒಂದೊಂದು ಸಾಲಿಗೆ ಒಂದೊಂದು ಪೆಟ್ಟು. 200ರ ವೇಗದಲ್ಲಿ ಒಂದು ಮಾತ್ರೆ ಅಂದರೆ 300 ಮಿಲಿಸೆಕೆಂಡು. ಅದರ ಕಾಲು ಭಾಗ 75. ಅಲ್ಲಿಯವರೆಗೆ ಕಿವಿ ಪೆಟ್ಟುಗಳನ್ನು ಬೇರೆಬೇರೆಯಾಗಿ ಹಿಡಿಯುತ್ತೆ. ಇನ್ನೂ ಕತ್ತರಿಸುತ್ತ ಹೋಗಿ ಒಂಬತ್ತು ಚಿಲ್ಲರೆ ಮಿಲಿಸೆಕೆಂಡಿಗೊಂದು ಪೆಟ್ಟು ಇಟ್ಟರೆ ಪೆಟ್ಟು ಮಾಯ, ಅದರ ಜಾಗದಲ್ಲಿ ಒಂದು ಸ್ವರ. ಸೆಕೆಂಡಿಗೆ ಸುಮಾರು 107 ಕಂಪನ, ಗಂಡಸಿನ ಗಂಟಲಿನ ಹಾಗೆ. ಡ್ರಮ್ಮೇ ಬಾಯಿ ಬಿಟ್ಟ ಹಾಗೆ.

ಒಂದು ರಾತ್ರಿ ಇದನ್ನೇ ಮಾಡುತ್ತ ಕೂತಾಗ ಹೊಳೆಯಿತು, ಇದು ನಾನು ಚಿಕ್ಕವನಿದ್ದಾಗಿಂದ ಕೇಳಿದ ದನಿ. ಉರುಮೆ! ಅದರ ಒಂದು ಮುಖಕ್ಕೆ ಬಡಿಯುತ್ತಾರೆ, ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜುವಾಗ ಕೋಲು ಚರ್ಮಕ್ಕೆ ಕಚ್ಚಿಕೊಳ್ಳುತ್ತೆ, ಜಾರುತ್ತೆ, ಮತ್ತೆ ಕಚ್ಚುತ್ತೆ, ಮತ್ತೆ ಜಾರುತ್ತೆ. ಎಣಿಕೆಗೆ ಸಿಗದಷ್ಟು ಬೇಗ. ಆ ಗೂಳಿಯ ಹೂಂಕಾರ ಹುಟ್ಟುವುದು ಹೀಗೆ. ನಾನು ಕಂಪ್ಯೂಟರಿನಲ್ಲಿ ಹತ್ತು ವರ್ಷದಿಂದ ಪಾಡುಪಡುತ್ತಿದ್ದುದನ್ನು ಜಗಳೂರು ಕಡೆಯ ಅಜ್ಜಂದಿರು ಒಂದು ಕೋಲಿನಲ್ಲಿ ಮಾಡುತ್ತಿದ್ದರು.

ಅಂಥ ಒಬ್ಬ ಅಜ್ಜನನ್ನು ಹುಡುಕಿಕೊಂಡು ಹೋದೆ. ಅಮೆನ್ ಬಾರಿಸಿದ ಕೋಲ್ಮನ್ 2006ರಲ್ಲಿ ಮನೆಯಿಲ್ಲದೆ, ಕಾಸಿಲ್ಲದೆ ಸತ್ತ. ಅವನ ಏಳು ಸೆಕೆಂಡು ಸಾವಿರಾರು ರೆಕಾರ್ಡುಗಳಲ್ಲಿ ಓಡಾಡಿದರೂ ಒಂದು ಪೈಸೆ ಬರಲಿಲ್ಲ. ತಂಡದ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ 24,000 ಪೌಂಡ್ ಕೊಟ್ಟರು, ಅಷ್ಟೇ. ಆ ಪಾಪದಲ್ಲಿ ನನ್ನದೂ ಎರಡು ಆಲ್ಬಂನಷ್ಟು ಪಾಲಿದೆ. ಹಾಗಾಗಿ ಅಜ್ಜನ ಕೈಗೆ ಮೊದಲು ದುಡ್ಡು ಇಟ್ಟು ಆಮೇಲೆ ರೆಕಾರ್ಡರ್ ಆನ್ ಮಾಡಿದೆ. ‘ಬಾರಿಸೋಕಿಂತ ಮುಂಚೇನೇ ಕೊಡ್ತೀಯಲ್ಲೋ ತಮ್ಮಾ, ಓಡಿಹೋದ್ರೆ?’ ಅಂತ ನಕ್ಕ.

ತಂದಿದ್ದನ್ನು ಎರಡು ಥರ ಬಳಸಿದೆ. ಒಂದು, ಚೂರು ಮಾಡಿ ಅಮೆನ್ ಜೊತೆ ಬೆರೆಸಿದ ಓಟದ ಭಾಗ. ಇನ್ನೊಂದು ಆ 41 ಸೆಕೆಂಡು. ಡ್ರಮ್ಮೆಲ್ಲ ನಿಂತು ಉರುಮೆಯ ಗೊಣಗು ಮಾತ್ರ, ದೂರದ ಊರಿಂದ ಕೇಳಿದ ಹಾಗೆ. ಇಡೀ ಆಲ್ಬಂನಲ್ಲಿ ನನಗೆ ಅತ್ಯಂತ ಹೆಮ್ಮೆಯ ಜಾಗ ಅದು. ಏನೋ ದೊಡ್ಡವನಾದೆ ಅನ್ನಿಸಿತ್ತು.

ವಾರದಲ್ಲಿ ಮಾತುಗಳು ಗುಡ್ಡೆ ಬಿದ್ದವು. ವಾಟ್ಸಾಪ್ ವಾಯ್ಸ್ ಮೆಸೇಜು, ಫೋನು, ಬಸ್‌ಸ್ಟ್ಯಾಂಡಲ್ಲಿ ಸಿಕ್ಕಾಗ ಭುಜ ಹಿಡಿದು ಹೇಳಿದ್ದು. ಹಳೆ ಅಭಿಮಾನಿಯೊಬ್ಬ, ಎರಡನೇ ಆಲ್ಬಂ ಕೇಳುತ್ತಲೇ ಡಿಪ್ಲೊಮಾ ಮುಗಿಸಿದವನು, ‘ನಿಂಗೆ ವಯಸ್ಸಾತು’ ಅಂದ. ಇನ್ನೊಬ್ಬ, ‘ಬ್ರೇಕೂ ಇಲ್ಲ, ಕೋರೂ ಇಲ್ಲ’. ಬೆಂಗಳೂರಿನ ಇಬ್ಬರು ‘ಮಣ್ಣಿನ ಸೊಗಡು’ ಅಂತ ಹೊಗಳಿದರು. ಬೈದವರಿಗಿಂತ ಈ ಹೊಗಳಿಕೆಯೇ ನನ್ನನ್ನು ಜಾಸ್ತಿ ಚುಚ್ಚಿತು, ಯಾಕಂದರೆ ಅವರು ಟ್ರ್ಯಾಕ್ ಪೂರ್ತಿ ಕೇಳಿದ್ದರು ಅನ್ನುವುದಕ್ಕೆ ಯಾವ ಪುರಾವೆಯೂ ಮಾತಿನಲ್ಲಿ ಇರಲಿಲ್ಲ.

ಮೊದಮೊದಲು ವಾದ ಮಾಡಿದೆ. ಕೆನಡಾದ ವಿನಿಪೆಗ್‌ನ ಆರನ್ ಫಂಕ್, ವೆನೀಷಿಯನ್ ಸ್ನೇರ್ಸ್ ಹೆಸರಲ್ಲಿ 2005ರಲ್ಲಿ ಹಂಗೇರಿ ಭಾಷೆಯ ಹೆಸರಿಟ್ಟು ಪಿಟೀಲು, ಚೆಲೊ ತುಂಬಿದ ಆಲ್ಬಂ ತಂದ. ನಾನು ಈ ಸಂಗೀತಕ್ಕೆ ಬಿದ್ದಿದ್ದೇ ಅದನ್ನು ಕೇಳಿ. ಅವನು ಪಿಟೀಲು ತಂದರೆ ಕಲೆ, ನಾನು ಉರುಮೆ ತಂದರೆ ವಯಸ್ಸಾ? ಡಿಪ್ಲೊಮಾ ಗೆಳೆಯ ತಣ್ಣಗೆ ಕೇಳಿದ: ‘ಅವನು ತಂದ ಅಂತ ನಾ ನಿನ್ನ ಟ್ರ್ಯಾಕ್ ಮೆಚ್ಚಬೇಕಾ?’ ಅಲ್ಲಿಗೆ ವಾದ ಬಿಟ್ಟೆ. ವಾದದಲ್ಲಿ ಗೆದ್ದರೂ ಅವನ ಕಿವಿಗೆ ಅದು ಚೆನ್ನಾಗಿ ಕೇಳಲ್ಲ.

ಬದಲಿಗೆ ಭಾನುವಾರ ಏಳು ಜನರನ್ನು ಅಟ್ಟಕ್ಕೆ ಕರೆದೆ. ಖಾರ ಮಂಡಕ್ಕಿ, ಮಿರ್ಚಿ ನನ್ನ ಖರ್ಚು. ಷರತ್ತು ಒಂದೇ, ಆಲ್ಬಂ ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು. ಪುಸ್ತಕ ಹಿಡಿದು ಮೂಲೆಯಲ್ಲಿ ಕೂತು ಅವರ ಕಾಲು ನೋಡಿದೆ. ಮುಖ ನೋಡಿದರೆ ಮೋಸ ಹೋಗ್ತೀವಿ, ಮುಖ ಸ್ನೇಹಕ್ಕೆ ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ. ಯಾರ ಕಾಲು ಯಾವ ನಿಮಿಷ ಯಾವ ಸೆಕೆಂಡಿಗೆ ನಿಂತಿತು, ಯಾರ ಕೈ ಫೋನಿನ ಕಡೆ ಹೋಯಿತು, ಯಾರು ಮಿರ್ಚಿ ತೆಗೆದುಕೊಂಡರು, ಅಷ್ಟನ್ನೇ ಬರೆದೆ. ಮಿರ್ಚಿ ಬಹಳ ನಿಖರವಾದ ಮೀಟರು. ಐದನೇ ಟ್ರ್ಯಾಕಿನ ನಡುವೆ ನಾಲ್ಕು ಜನ ಒಟ್ಟಿಗೆ ತಟ್ಟೆಗೆ ಕೈ ಹಾಕಿದರು. ಆ ಟ್ರ್ಯಾಕ್ ಸುಮ್ಮನೆ ಉದ್ದವಾಗಿತ್ತು, ಅದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಏಳು ಮಾತ್ರೆಯ ಟ್ರ್ಯಾಕಿಗೆ ಎಲ್ಲರೂ ಮುಗ್ಗರಿಸಿದರು, ತಬಲಾ ಕಲಿಯುವ ಹುಡುಗಿಯೊಬ್ಬಳನ್ನು ಬಿಟ್ಟು. ಅವಳ ಬೆರಳು ಮೊಣಕಾಲ ಮೇಲೆ ತಿಂ ತಿಂ ನಾ, ಧಿಂ ನಾ, ಧಿಂ ನಾ ಅಂತ ಸುತ್ತುತ್ತಿತ್ತು. ‘ರೂಪಕ್ ಅಲ್ವಾ ಅಣ್ಣಾ, ಸ್ವಲ್ಪ ಹುಚ್ಚು ಹಿಡಿದಿರೋ ರೂಪಕ್’ ಅಂದಳು ಆಮೇಲೆ.

ಆದರೆ ಮೂರನೇ ಟ್ರ್ಯಾಕಿನ 41 ಸೆಕೆಂಡಿಗೆ ಯಾರೂ ಅಲ್ಲಾಡಲಿಲ್ಲ. ಹಾಸ್ಟೆಲ್ ಹುಡುಗನೂ. ಮುಗಿದ ಮೇಲೆ ‘ಅಣ್ಣಾ, ಇಲ್ಲಿ ದನಿ ಐತಲ್ಲ! ನನ್ನ ಹತ್ರ ಇರ್ಲೇ ಇಲ್ಲ’ ಅಂದ. ‘ನೀ ಯಾವುದ್ರಲ್ಲಿ ಕೇಳಿದೆ?’ ‘ಫೋನಲ್ಲೇ. ರೂಮಲ್ಲಿ ಬಕೆಟ್ ಒಳಗೆ ಇಟ್ಟು.’

ಫೋನನ್ನು ಅಲ್ಲೇ ಇಟ್ಟು ಹಾಕಿಸಿದೆ. ಎರಡು ಹತ್ತು ಬಂತು. ನಿಶ್ಶಬ್ದ. ನನ್ನ ಹೆಮ್ಮೆಯ ಜಾಗದಲ್ಲಿ ಕೆಳಗಿನ ರಸ್ತೆಯ ಬಸ್ಸಿನ ಹಾರನ್ ಕೇಳಿಸಿತು.

ತಪ್ಪು ನನ್ನದೇ. ದೂರದಿಂದ ಬಂದ ಹಾಗಿರಲಿ ಅಂತ ಉರುಮೆಯ ದನಿಗೆ ಫಿಲ್ಟರ್ ಹಾಕಿ 180 ಹರ್ಟ್ಸ್‌ನ ಮೇಲಿನದ್ದೆಲ್ಲ ಒರೆಸಿಬಿಟ್ಟಿದ್ದೆ. ಫೋನಿನ ಪುಟ್ಟ ಸ್ಪೀಕರು 300ರ ಕೆಳಗಿನದ್ದನ್ನು ಹೆಚ್ಚುಕಡಿಮೆ ನುಂಗಿಹಾಕುತ್ತೆ. ನಾನು ಉಳಿಸಿದ್ದನ್ನು ಅದು ನುಡಿಸಲಿಲ್ಲ, ಅದು ನುಡಿಸುವುದನ್ನು ನಾನೇ ಉಳಿಸಿರಲಿಲ್ಲ. ಹರಿಹರದವನ ಆಟೊದಲ್ಲಿ ಸೀಟಿನ ಕೆಳಗೆ ವೂಫರ್ ಇದೆ, ಅವನಿಗೆ ಅಳು ಕೇಳಿಸಿತು. ನಾನು ಮಿಕ್ಸ್ ಮಾಡಿದ್ದು ರಾತ್ರಿ, ಹೆಡ್‌ಫೋನಲ್ಲಿ. ‘ಏನೂ ಇಲ್ಲ’ ಅಂದವರನ್ನು ಒಬ್ಬೊಬ್ಬರಾಗಿ ಕೇಳುತ್ತ ಹೋದೆ, ಅರ್ಧಕ್ಕಿಂತ ಹೆಚ್ಚು ಜನ ಫೋನಿನವರೇ.

ಡಿಪ್ಲೊಮಾ ಗೆಳೆಯ ಮಾತ್ರ ಒಳ್ಳೆ ಹೆಡ್‌ಫೋನಲ್ಲೇ ಕೇಳಿದ್ದ. ‘ಕೇಳಿಸ್ತು. ಹಿಡಿಸಲಿಲ್ಲ’ ಅಂದ. ಅದಕ್ಕೆ ಫಿಲ್ಟರ್ ಇಲ್ಲ.

ಸರಿಮಾಡಿದ್ದು ಹೀಗೆ. ದನಿ ಜೋರು ಮಾಡಿದರೆ ಪ್ರಯೋಜನ ಇಲ್ಲ, ಇಲ್ಲದ ಸ್ಪೀಕರಿಗೆ ಎಷ್ಟು ಕೂಗಿದರೂ ಅಷ್ಟೇ. ಕಿವಿಗೆ ಒಂದು ಗುಣ ಇದೆ: 300, 400, 500 ಹರ್ಟ್ಸ್ ಒಟ್ಟಿಗೆ ಕೇಳಿಸಿದರೆ, ಕೆಳಗೆ 100 ಇರಬೇಕು ಅಂತ ಅದೇ ಊಹಿಸಿ ಕೇಳಿಸಿಕೊಳ್ಳುತ್ತೆ. ಆ ಮೇಲಿನ ಸ್ವರಗಳನ್ನು ಹುಟ್ಟಿಸೋಕೆ ಡಿಸ್ಟಾರ್ಷನ್ ಬೇಕು, ಅಂದರೆ ದನಿಯನ್ನು ಬೇಕಂತಲೇ ಹರಿಯಬೇಕು. ದೊಡ್ಡವನಾದೆ ಅಂತ ತೋರಿಸೋಕೆ ಆ ಭಾಗದಲ್ಲಿ ನಾನು ಬೇಕಂತಲೇ ಬಿಟ್ಟಿದ್ದು ಅದನ್ನೇ. ಫಿಲ್ಟರನ್ನು 900ಕ್ಕೆ ಏರಿಸಿ, ಉರುಮೆಯ ಇನ್ನೊಂದು ಪ್ರತಿಯನ್ನು ಚೆನ್ನಾಗಿ ಹರಿದು, ಮೂಲದ ಅಡಿಯಲ್ಲಿ ಮೆಲ್ಲಗೆ ಇಟ್ಟೆ. ಹಾಸ್ಟೆಲ್ ಬಕೆಟ್ಟಿನಲ್ಲಿ ಪರೀಕ್ಷೆ ಪಾಸಾಯಿತು. ಐದನೇ ಟ್ರ್ಯಾಕಿನಲ್ಲಿ ಒಂದೂವರೆ ನಿಮಿಷ ಕತ್ತರಿಸಿದೆ. ವೇಗ ಹೆಚ್ಚಿಸು ಅಂದವರ ಮಾತು ಕೇಳಲಿಲ್ಲ.

ಹರಿಹರದವನು ಹೊಸ ಪ್ರತಿ ಕೇಳಿ, ‘ಈಗ ಯಾರೋ ಎದುರಿಗೇ ನಿಂತು ಅತ್ತಂಗೈತೆ. ಮೊದಲಿಂದೇ ಇರ್ಲಿ ಬಿಡು’ ಅಂದು ಹಳೆಯದನ್ನೇ ಆಟೊದಲ್ಲಿ ಉಳಿಸಿಕೊಂಡ. ಎರಡನ್ನೂ ಇಟ್ಟಿದ್ದೇನೆ.

ಅಜ್ಜನಿಗೆ ಕೇಳಿಸಲು ಹೋಗಿದ್ದು ಎಲ್ಲಾ ಮುಗಿದ ಮೇಲೆ. ಹೆದರಿಕೆ ಇತ್ತು. ಚೂರು ಮಾಡಿದ ಭಾಗಕ್ಕೆ ಬೈತಾನೆ, ನಿಧಾನದ ಭಾಗಕ್ಕೆ ಒಲಿತಾನೆ ಅಂತ ಲೆಕ್ಕ ಹಾಕಿದ್ದೆ. ಹೆಡ್‌ಫೋನ್ ಹಾಕಿಕೊಂಡು ಕಟ್ಟೆ ಮೇಲೆ ಕೂತ. ಎರಡು ಹತ್ತರಿಂದ ಒಂದು ಹದಿನೈದು ಸೆಕೆಂಡು ಸುಮ್ಮನಿದ್ದು, ಆಕಳಿಸಿ, ‘ಇಷ್ಟು ಹೊತ್ತು ಎಳೆದ್ರೆ ಅಮ್ಮ ಎದ್ದು ಹೋಗ್ತಾಳೆ ಕಣೋ ತಮ್ಮಾ’ ಅಂದ. ಓಟದ ಭಾಗ ಶುರುವಾಯಿತು. ಕೋಲಿಲ್ಲದ ಕೈ ತೊಡೆಯ ಮೇಲೆ ಆಡತೊಡಗಿತು. ‘ಹ್ಞಾಂ. ಇದು ಮೈಮೇಲೆ ಬರೋ ಹೊತ್ತಿಂದು. ಇದ್ಯಾಕೆ ಇಷ್ಟೇ ಮಾಡಿದೆ?’

ಅದನ್ನೇ ರಿಂಗ್‌ಟೋನ್ ಮಾಡಿಕೊಡು ಅಂತ ತನ್ನ ಮೊಬೈಲ್ ಕೊಟ್ಟ. ಗುಂಡಿ ಒತ್ತುವ ಹಳೇ ಮೊಬೈಲು, ಕಡ್ಲೆಕಾಯಿ ಗಾತ್ರದ ಸ್ಪೀಕರು. ಇಪ್ಪತ್ತು ಸೆಕೆಂಡು ಕತ್ತರಿಸಿ ಹಾಕಿದರೆ ಅಮೆನ್ ಮಾತ್ರ ಕಿರುಚುತ್ತೆ, ಉರುಮೆ ನಾಪತ್ತೆ. ವಾಪಸ್ ಅಟ್ಟಕ್ಕೆ ಬಂದು ಮತ್ತೊಂದು ಸಲ ಹರಿಯೋಕೆ ಕೂತೆ.