ಭಾನುವಾರದ ತಡ ತಿಂಡಿಗೆ ಸೆಟ್ ದೋಸೆ

ಭಾನುವಾರ ತಿಂಡಿ, ಊಟ ಎಂದು ಎರಡು ಸಲ ಒಲೆಯ ಮುಂದೆ ನಿಲ್ಲಬೇಡಿ. ಹತ್ತೂವರೆಗೆ ಒಂದೇ ಸಲ, ಎಲ್ಲರೂ ಕೂತು ಹೊಟ್ಟೆ ತುಂಬಾ ಸೆಟ್ ದೋಸೆ, ಸಾಗು ತಿನ್ನಿ.

ಶನಿವಾರ ಮಧ್ಯಾಹ್ನ 2 ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಸಿಡಿ. ರುಬ್ಬುವಾಗ ಒಂದು ಲೋಟ ನೆನೆದ ಅವಲಕ್ಕಿ ಸೇರಿಸಿ. ದೋಸೆಗೆ ಆ ಮೆತ್ತನೆಯ ಗುಣ ಬರುವುದು ಅದರಿಂದಲೇ. ಬೆಳಿಗ್ಗೆ ಹುದುಗಿದ ಹಿಟ್ಟನ್ನು ಜೋರಾಗಿ ಕಲಕಬೇಡಿ, ಗಾಳಿ ಹೋದರೆ ತೂತು ಬೀಳುವುದಿಲ್ಲ. ಕಾವಲಿಯ ಮೇಲೆ ದಪ್ಪಗೆ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸಿ. ದಯವಿಟ್ಟು ಮಗುಚಬೇಡಿ! ಸಾಗುವಿನ ತರಕಾರಿಯನ್ನೂ ಹಿಂದಿನ ರಾತ್ರಿಯೇ ಹೆಚ್ಚಿಟ್ಟರೆ ಬೆಳಗಿನ ಕಾಫಿಯನ್ನು ನೆಮ್ಮದಿಯಾಗಿ ಕುಡಿಯಬಹುದು.

ಹೊರಗೆ ಹೋಗುವುದಾದರೆ, ಬೆಂಗಳೂರಿನವರಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವಿದೆ (1943ರಿಂದ), ಲಾಲ್‌ಬಾಗ್ ರಸ್ತೆಯ ಎಂಟಿಆರ್ ಇದೆ (1924ರಿಂದ). ಭಾನುವಾರ ಎರಡೂ ಕಡೆ ಕಾಯಬೇಕಾಗುತ್ತದೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಮನೆಯಲ್ಲೇ ಒಂದೊಂದು ಬಾಳೆಹಣ್ಣು ಕೊಟ್ಟು ಕರೆದುಕೊಂಡು ಹೋಗಿ. ನಾವಂತೂ ಮೊದಲು ಲಾಲ್‌ಬಾಗಿನಲ್ಲಿ ಒಂದು ಸುತ್ತು ನಡೆದು, ಆಮೇಲೆ ಎಂಟಿಆರ್‌ನಲ್ಲಿ ರವೆ ಇಡ್ಲಿಗೆ ಕೂರುತ್ತೇವೆ. ತುಪ್ಪ ಸುರಿದುಕೊಂಡು, ಬಿಸಿ ಇರುವಾಗಲೇ ತಿನ್ನಿ.